ಸಾಹೇಬರು ಬಂದ ದಿನ ಕೂಸುಗಳೇ ಇಲ್ಲ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೊಟ್ಟೂರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ದಿನ ತಂಬ್ರಹಳ್ಳಿಯಲ್ಲಿ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ನನಗೇ ತಿಳಿಯಲಿಲ್ಲ. ಈಗ ನೆನೆಸಿಕೊಂಡರೆ ಒಬ್ಬಳೇ ಇದ್ದರೂ ನಗುತ್ತೇನೆ.

ನಮ್ಮದು ಸಣ್ಣ ಸಂಸ್ಥೆ. ಕೂಲಿಗೆ ಹೋಗುವ ಹೆಂಗಸರ ಕೂಸುಗಳನ್ನು ಹಗಲಿಡೀ ನೋಡಿಕೊಳ್ಳುವ ಒಂದು ಮನೆಯನ್ನು ತಂಬ್ರಹಳ್ಳಿಯಲ್ಲಿ ನಡೆಸುತ್ತಿದ್ದೆವು. ಅದು ಇಲ್ಲದಿದ್ದಾಗ ತಾಯಂದಿರು ಕೂಸುಗಳನ್ನು ಹೊಲಕ್ಕೇ ಒಯ್ದು, ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಒಂದು ಕಣ್ಣು ಕಳೆಯ ಮೇಲೆ, ಇನ್ನೊಂದು ಕಣ್ಣು ಜೋಲಿಯ ಮೇಲೆ. ಊರಿನವರು ಕೊಡುವ ಜೋಳ, ಬೇಳೆ, ನಾವು ಅಲ್ಲಿ ಇಲ್ಲಿ ಕೈಯೊಡ್ಡಿ ತಂದದ್ದು, ಇಷ್ಟರಲ್ಲೇ ಮನೆ ನಡೆದಿತ್ತು. ಇನ್ನು ನಡೆಯುವಂತಿರಲಿಲ್ಲ. ಸರ್ಕಾರದ ಅನುದಾನ ಬಾರದಿದ್ದರೆ ಮುಂದಿನ ತಿಂಗಳು ಬಾಗಿಲು ಹಾಕಬೇಕಿತ್ತು, ಕೂಸುಗಳು ಮತ್ತೆ ಬೇವಿನ ಮರಕ್ಕೆ.

ಅರ್ಜಿ ಹಾಕಿದ್ದೆವು. ಅರ್ಜಿ ಎಂದರೆ ಬರೀ ಅರ್ಜಿಯೇ? ನೋಂದಣಿ ಪತ್ರ ಕೊಟ್ಟರೆ ಠರಾವು ಎಲ್ಲಿ ಎನ್ನುವರು, ಠರಾವು ಕೊಟ್ಟರೆ ಫೋಟೊ ಎಲ್ಲಿ ಎನ್ನುವರು. ಹಗರಿಬೊಮ್ಮನಹಳ್ಳಿಯ ಕಚೇರಿಯ ಬೆಂಚು ನನ್ನ ತವರುಮನೆಯೇ ಆಗಿಹೋಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತಲೇ ಅಲೆದೆ. ಕೊನೆಗೊಂದು ದಿನ ಫೋನು ಬಂತು: ನಾಳೆ ಸಾಹೇಬರು ಸ್ಥಳ ಪರಿಶೀಲನೆಗೆ ಬರುತ್ತಾರೆ, ಅವರು ಬರೆದದ್ದೇ ಕೊನೆಯ ಮಾತು.

ನಾನು ಕುಣಿದಾಡಿಬಿಟ್ಟೆ. ಕೂಸುಗಳನ್ನು ನೋಡಿಕೊಳ್ಳಲು ನಾವು ಇಟ್ಟಿದ್ದ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದೆವು. ಅವಳಿಗೆ ಫೋನು ಮಾಡಿ ಕೂಗಿದೆ.

"ದೊಡ್ಡವ್ವಾ, ನಾಳಿ ಸಾಹೇಬ್ರು ಬರ್ತಾರ. ಮನಿ ಚೊಕ್ಕ ಇರ್ಲಿ!"

"ಅದನ್ನ ನನಗ ಹೇಳಬೇಕೇನ್ರಿ ಅಕ್ಕಾರ? ಬರ್ಲಿ ಬಿಡ್ರಿ, ಬೀಗರು ಬಂದಂಗ ನೋಡ್ಕೊಂತೀವಿ."

ಆ ಮಾತು ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಮರುದಿನ ಸಾಹೇಬರ ಜೀಪಿನಲ್ಲೇ ಹೋದೆ. ಅವರು ಹರಪನಹಳ್ಳಿ ಕಡೆಯವರು, ಮಾತು ಕಡಿಮೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ತಾಯಂದಿರೆಲ್ಲ ಆ ದಿನದ ಕೂಲಿ ಬಿಟ್ಟು, ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು ನಿಂತಿದ್ದರು. ಹೋಳಿಗೆಯ ವಾಸನೆ ಘಮ್ಮೆನ್ನುತ್ತಿತ್ತು. ಒಳಗೆ ಕಾಲಿಟ್ಟರೆ ನೆಲ ಫಳಫಳ, ಗೋಡೆಗೆ ಸುಣ್ಣ, ನಡುವೆ ಒಂದು ಕುರ್ಚಿ. ಜೋಲಿಗಳಿಲ್ಲ, ಆಟದ ಸಾಮಾನುಗಳಿಲ್ಲ, ಪುಟ್ಟ ತಟ್ಟೆಗಳಿಲ್ಲ. ಕೂಸುಗಳೇ ಇಲ್ಲ.

"ಮಕ್ಳೆಲ್ರಿ?" ಎಂದರು ಸಾಹೇಬರು.

ದೊಡ್ಡವ್ವ ಎದೆಯುಬ್ಬಿಸಿ ಹೇಳಿದಳು: "ಒಂದೂ ಇಲ್ರಿ ಸಾಹೇಬ್ರ! ಎಲ್ಲಾವನ್ನೂ ಅತ್ತಿ ಮನಿಗೆ, ಚಿಗವ್ವನ ಮನಿಗೆ ಕಳಿಸೀವಿ. ನಿಮಗ ಒಂದು ಕೂಸಿನ ಸದ್ದೂ ಕೇಳಂಗಿಲ್ಲ, ಆರಾಮ ಕುಂದರ್ರಿ."

ಅಯ್ಯೋ ಶಿವನೇ! ನಮ್ಮ ಕಡೆ ದೊಡ್ಡ ಬೀಗರು ಬಂದರೆ ಮೊದಲ ಕೆಲಸವೇ ಅದು. ಮೂಗು ಸುರಿಸುವ ಮಕ್ಕಳನ್ನು ಪಕ್ಕದ ಮನೆಗೆ ದಾಟಿಸುವುದು, ಬಟ್ಟೆಬರೆಯ ಗಂಟನ್ನು ಅಟ್ಟಕ್ಕೆ ತಳ್ಳುವುದು. ಪೂಜಾರಿಯೇನೋ ಕೊಡಲೆಂದು ಬಾಗಿಲಿಗೇ ಬಂದಿದ್ದ, ನಮ್ಮವರು ದೇವರನ್ನೇ ಗುಡಿಯಿಂದ ಹೊರಗೆ ಕಳಿಸಿದ್ದರು.

"ನಿನಗ ತಲಿ ಐತೋ ಇಲ್ಲೋ ದೊಡ್ಡವ್ವಾ! ಅವರು ಬಂದಿದ್ದೇ ಕೂಸುಗಳನ್ನ ನೋಡಾಕ!" ಎಂದು ಸಾಹೇಬರ ಮುಂದೆಯೇ ಒದರಿದೆ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಮರುಗಳಿಗೆ ಸೀರೆ ಎತ್ತಿ ಕಟ್ಟಿ ಊರ ತುಂಬ ಓಡಿದರು.

ಸಾಹೇಬರು ಕುರ್ಚಿಯಲ್ಲಿ ಕೂತರು. "ನೋಡ್ರಮ್ಮ, ಅಕ್ಕಪಕ್ಕದ ಮಕ್ಳನ್ನ ಎರವಲು ತಂದು ಕೂರ್ಸೋರನ್ನ ನಾನು ಬಾಳ ನೋಡಿದೀನಿ. ಕಣ್ಣಿಗೆ ಕಂಡಿದ್ದನ್ನೇ ಬರೆಯೋದು ನಾನು," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾಳೆಯಿಂದ ತಾಯಂದಿರಿಗೆ ಏನು ಹೇಳಲಿ ಎಂದು ಯೋಚಿಸುತ್ತ ಬಾಗಿಲಿಗೂ ಕುರ್ಚಿಗೂ ನಡುವೆ ಸುತ್ತತೊಡಗಿದೆ.

ಕೂಸುಗಳು ಬಂದವು, ಕಂಕುಳಲ್ಲಿ ಕೆಲವು, ಹೆಗಲ ಮೇಲೆ ಕೆಲವು, ಅರ್ಧ ರೊಟ್ಟಿ ಕಚ್ಚಿಕೊಂಡು ಒಂದು. ಒಬ್ಬ ಪೋರಿ ಒಳಗೆ ಬಂದವಳೇ ಖಾಲಿ ಗೋಡೆ ನೋಡಿದಳು, ಮೇಲೆ ತೊಲೆ ನೋಡಿದಳು. ಕೆಳತುಟಿ ನಡುಗಿತು. "ನನ್ನ ಜೋಲಿ ಎಲ್ಲಿ?" ಎಂದು ಭೋರೆಂದು ಅತ್ತಳು. "ನಂದು ಅಲ್ಲಿತ್ತು!" ಎಂದು ಇನ್ನೊಂದು ಕೂಸು ಮೂಲೆಯಲ್ಲಿ ತೊಲೆಗಿದ್ದ ಜೋಲಿಯ ಕೊಂಡಿಯತ್ತ ಕೈ ತೋರಿಸಿತು. ಆಮೇಲೆ ಎಲ್ಲವೂ ಸೇರಿ ಮಾಳಿಗೆ ಹಾರಿಹೋಗುವಂತೆ ಅತ್ತವು. ಒಬ್ಬ ಗಿಡ್ಡ ಪೋರ ಸಾಹೇಬರ ಪ್ಯಾಂಟು ಹಿಡಿದೆಳೆದು, "ಏಳಲೇ, ಇದು ನಾ ಮಕ್ಕೊಳ್ಳೋ ಜಾಗ!" ಎಂದ. ಅವನ ತಾಯಿ ನಾಲಿಗೆ ಕಚ್ಚಿಕೊಂಡಳು.

ಎರವಲು ತಂದ ಮಕ್ಕಳು ಹೀಗೆ ಜಗಳ ತೆಗೆಯುತ್ತವೆಯೇ? ಸಾಹೇಬರು ತಲೆಯೆತ್ತಿ ಕೊಂಡಿಗಳನ್ನು ನೋಡಿದರು. ಎದ್ದು ಕುರ್ಚಿ ಸರಿಸಿದರು. "ಏನ್ ನೋಡ್ತೀರಿ, ಮೊದ್ಲು ಜೋಲಿ ಕಟ್ರಿ," ಎಂದವರು ನಮ್ಮ ಕೈಗೆ ಎಟುಕದ ಕೊಂಡಿಗೆ ತಾವೇ ಕುರ್ಚಿ ಹತ್ತಿ ಹಗ್ಗ ಕಟ್ಟಿದರು. ನನಗಾದ ಖುಷಿ ಅಷ್ಟಿಷ್ಟಲ್ಲ, ಮೂಗಿನ ತುದಿಯ ಸಿಟ್ಟು ಎಲ್ಲಿ ಹೋಯಿತೋ.

ಹೋಳಿಗೆ ಹೊಟ್ಟೆಗೆ ಬಿದ್ದ ಮೇಲೆ ಕೂಸುಗಳು ಒಂದೊಂದಾಗಿ ನಿದ್ದೆ ಹೋದವು. ಅಷ್ಟರಲ್ಲಿ ಸಾಹೇಬರ ಫೋನು ಬಡಿದುಕೊಂಡಿತು. ಅವರು "ಹಲೋ" ಎನ್ನುವುದರೊಳಗೆ ದೊಡ್ಡವ್ವ ಗದರಿದಳು: "ಶ್! ಹೊರಗ ನಡೀರಿ ಸಾಹೇಬ್ರ, ಕೂಸು ಎದ್ದಾವು!" ಅವರು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಹೋದರು. ಅಂಗಳದಲ್ಲೇ ನಿಂತು ವರದಿ ಬರೆದರು. ಜೀಪು ಹತ್ತುವಾಗ, "ಮುಂದಿನ ತಿಂಗ್ಳೂ ಬಾಗ್ಲು ತೆಗೀರಮ್ಮ," ಎಂದರು. ಮುಂದೆ ಹಾಗೇ ಆಯಿತು, ಅನುದಾನ ಬಂತು.

ಆ ದಿನ ಜೀಪು ಹೊರಟದ್ದೇ, ಸಾಹೇಬರ ಮಾತನ್ನು ಎಲ್ಲರಿಗೂ ಕೂಗಿ ಹೇಳಬೇಕೆಂದು ನಾನು ಒಳಗೆ ಓಡಿದೆ. ತಾಯಂದಿರು ಗೋಡೆಗೆ ಒರಗಿ ಜೋಲಿಗಳನ್ನೇ ನೋಡುತ್ತ ಕೂತಿದ್ದರು. ಬೆಳಗಾದರೆ ಕೂಸು ಬಿಟ್ಟು ಹೋಗಿ, ಹೊತ್ತು ಮುಳುಗುವಾಗ ಬಂದು ಒಯ್ಯುವವರು ಅವರು. ನಡುಹಗಲಿನಲ್ಲಿ ಆ ಮನೆಯೊಳಗೆ ಕೂತದ್ದು ಅದೇ ಮೊದಲು. ಜೋಲಿಗಾಗಿ ಅತ್ತ ಪೋರಿಯ ತಾಯಿ, ಮಗಳ ಮುಖದಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದಳು.

"ದಿನಾ ಹಿಂಗ ಮಕ್ಕೊಂತಾಳೇನ್ರಿ?"

"ಹೂಂ ಬೇ, ದಿನಾ," ಎಂದಳು ದೊಡ್ಡವ್ವ.

ಕೂಸುಗಳು ಏಳುವವರೆಗೆ ಒಬ್ಬ ತಾಯಿಯೂ ಕೂತಲ್ಲಿಂದ ಕದಲಲಿಲ್ಲ.