ಎರಡು ತಟ್ಟಿಗೆ ಹೊರಡುವ ವ್ಯಾನು

ನಮ್ಮ ಮನೆಯವರು ಇಪ್ಪತ್ತೆರಡು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಿದ್ದಾರೆ. ಅದೇ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ನಾನು. ಮನೆಯಲ್ಲಿ ನನ್ನ ಮಾತು ಎಷ್ಟು ನಡೆಯುತ್ತದೆ ಅಂತ ಕೇಳಬೇಡಿ, ವ್ಯಾನಿನಲ್ಲಿ ಮಾತ್ರ ನಾನು ಹೇಳಿದ್ದೇ ಆಗಬೇಕು. ಮಗುವನ್ನು ಇಳಿಸಿ, ಕೈ ಹಿಡಿದು ರಸ್ತೆ ದಾಟಿಸಿ, ವಾಪಸ್ಸು ಬಂದು ಮೆಟ್ಟಿಲ ಮೇಲೆ ಕಾಲಿಟ್ಟು ನಾನು ವ್ಯಾನಿನ ಮೈಗೆ ಅಂಗೈಯಲ್ಲಿ ಎರಡು ಸಲ ತಟ್ಟುತ್ತೇನೆ. ಆಮೇಲೇ ಗಾಡಿ ಕದಲುವುದು. ಒಂದೇ ತಟ್ಟಿದರೆ ನಿಲ್ಲಿ ಅಂತ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಮೊದಲ ವರ್ಷವೇ ತಾನಾಗಿ ಬಂದದ್ದು. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಅವರು ನಿಧಾನ ಅಂದರೆ ಎಂಥ ನಿಧಾನ! ಮಕ್ಕಳು ಇಟ್ಟ ಹೆಸರು ಬಸವನಹುಳು ಮಾಮ. ಮುಂದಿನ ಸೀಟಿನಲ್ಲಿ ಕೂರುವ ಎರಡು ಜುಟ್ಟಿನ ಹುಡುಗಿ ನಮ್ಮನ್ನು ಹಿಂದೆ ಹಾಕಿದ ಗಾಡಿಗಳನ್ನು ದಿನವೂ ಎಣಿಸುತ್ತಿದ್ದಳು.

"ಮಾಮಾ, ಇವತ್ತು ಸೈಕಲ್ಲೂ ಮುಂದೆ ಹೋಯ್ತು."

"ಹೋಗ್ಲಿ ಬಿಡಮ್ಮ, ಪಾಪ, ಅವನಿಗೇನು ಅವಸರವೋ," ಅನ್ನುತ್ತಿದ್ದರು.

ಬೇಸಿಗೆ ರಜೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿನ ಗಿಣ್ಣು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಆಗ ನನ್ನ ಮೈದುನ ಒಂದು ವಿಡಿಯೋ ಗೇಮ್ ತಂದು ನಮ್ಮ ಟೀವಿಗೆ ಸಿಕ್ಕಿಸಿದ. "ಅತ್ತಿಗೆ, ಅಣ್ಣ ಕೂತಲ್ಲೇ ಕೂತು ನಿಮ್ಮ ತಲೆ ತಿನ್ನೋದಕ್ಕಿಂತ ಇದು ವಾಸಿ," ಅಂದ. ನನ್ನ ಮೇಲಿನ ಕಾಳಜಿಯೇನಲ್ಲ. ನನ್ನ ಓರಗಿತ್ತಿ ಅದನ್ನು ಮನೆಯಿಂದ ಆಚೆ ಹಾಕು ಅಂದಿದ್ದಳು, ಅಷ್ಟೇ.

ಪಟ್ಟಣದ ಬೀದಿಗಳಲ್ಲಿ ಕಾರು ಓಡಿಸುವ ಆಟ. ಮೊದಲು ಗುರಿ ಮುಟ್ಟಿದವನೇ ಗೆದ್ದ ಅಂತಲ್ಲ ಅದರಲ್ಲಿ, ಎಷ್ಟು ಸ್ಟೈಲಾಗಿ ಓಡಿಸಿದ ಅನ್ನುವುದಕ್ಕೇ ಬಹುಮಾನ. ತಿರುವಿನಲ್ಲಿ ಗಾಡಿಯ ಹಿಂಭಾಗವನ್ನು ಜಾರಿಸಿಕೊಂಡು ಅಡ್ಡಡ್ಡ ಹೋದರೆ ಅಂಕ. ಎದುರಿಗೆ ಬರುವ ಲಾರಿಗೆ ತಗಲದ ಹಾಗೆ ಸವರಿಕೊಂಡು ಹೋದರೆ ಇನ್ನೂ ಹೆಚ್ಚು ಅಂಕ, ಜೊತೆಗೆ 'ಟಿಂಗ್' ಅಂತ ಒಂದು ಗಂಟೆ. ಮೊದಲ ವಾರ ನಮ್ಮವರು ಆಟದೊಳಗಿನ ಕೆಂಪು ದೀಪಕ್ಕೂ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ನಾಲ್ಕನೇ ವಾರಕ್ಕೆ ಮನೆಯೆಲ್ಲ ಟಿಂಗ್ ಟಿಂಗ್. ಮೈದುನನನ್ನೂ ಸೋಲಿಸಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಸುಳ್ಳೇಕೆ ಹೇಳಲಿ, ಕೂತಲ್ಲಿಗೇ ಟೀ ತಂದುಕೊಟ್ಟವಳು ನಾನೇ.

ಶಾಲೆ ತೆರೆದ ಮೂರನೆಯ ದಿನ. ಸಂತೆಬೀದಿಯ ಮೂಲೆಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು, ಎದುರಿಗೆ ಒಂದು ಸ್ಕೂಟರ್. ಮೊದಲಾಗಿದ್ದರೆ ಸ್ಕೂಟರಿನವನು ಬಂದು ತೆಗೆಯುವ ತನಕ ಕಾದಿರುತ್ತಿದ್ದರು. ಆವತ್ತು ನಡುವೆ ನುಗ್ಗಿಸಿಯೇಬಿಟ್ಟರು. ಎರಡೂ ಕಡೆ ಕೂದಲೆಳೆಯಷ್ಟು ಜಾಗ. ಆಚೆ ಬಂದದ್ದೇ ನಾಲಿಗೆಯ ತುದಿಯಲ್ಲಿ, ಬಹಳ ಮೆಲ್ಲಗೆ, 'ಟಿಂಗ್' ಅಂದರು.

"ಮಾಮಾ, ಏನ್ ಸ್ಟೈಲು!" ಅಂದಳು ಜುಟ್ಟಿನ ಹುಡುಗಿ. ಹಿಂದಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅವರ ಬೆನ್ನು ನೆಟ್ಟಗಾಯಿತು. ನಾನು ಮಾತ್ರ ಹಿಂದೆ ತಿರುಗಿ ಮಕ್ಕಳ ತಲೆ ಎಣಿಸಿದೆ.

ಮನೆಗೆ ಬಂದ ಮೇಲೆ ಕೇಳಿದೆ. "ಅದೇನ್ರೀ, ಟಿಂಗ್ ಅಂದ್ರಿ?"

"ನಾನಾ? ಯಾವಾಗ?"

"ಟ್ಯಾಂಕರ್ ದಾಟಿದಾಗ."

"ಮೊದ್ಲು ನಿನ್ನ ಕಿವಿ ತೋರಿಸ್ಕೋ ಹೋಗು."

ತಮಾಷೆಯಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಅವತ್ತೇ ಆಟವನ್ನು ಬಿಚ್ಚಿ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಅವರು ತಕರಾರು ಮಾಡಲಿಲ್ಲ. ಆದರೆ ಊಟಕ್ಕೆ ಕೂತರೆ ಎಡಗೈಯ ಹೆಬ್ಬೆರಳು ಆಟದ ಗುಂಡಿ ಒತ್ತುವ ಹಾಗೆ ತಟ್ಟೆಯ ಅಂಚಿನ ಮೇಲೆ ಅತ್ತಿತ್ತ ಆಡುತ್ತಲೇ ಇತ್ತು.

ಅಲ್ಲಿಂದ ಮುಂದೆ ವ್ಯಾನಿನಲ್ಲಿ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದೆ. ಗುರುವಾರ ಎರಡು ಸಲ ಕೇಳಿಸಿತು. ಶುಕ್ರವಾರ ಇಲ್ಲ. ಸದ್ಯ ಬಿಟ್ಟುಹೋಯಿತು ಅಂದುಕೊಂಡರೆ ಸೋಮವಾರ ಮತ್ತೆ. ಶಾಲೆಯಲ್ಲಿ ಬಾಯಿಬಿಟ್ಟರೆ ಅವರ ಇಪ್ಪತ್ತೆರಡು ವರ್ಷದ ಮರ್ಯಾದೆ ಮಣ್ಣುಪಾಲು. ಬಿಡದಿದ್ದರೆ ಹದಿನಾಲ್ಕು ಮಕ್ಕಳು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದೆ. ಹೇಡಿ ನಾನು.

ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟು ವಾಪಸ್ಸು ಬರುವಾಗ ಜುಟ್ಟಿನ ಹುಡುಗಿಯ ಬೀದಿಗೆ ಬಂದೆವು. ಮುಂದೆ ದಾರಿಯಿಲ್ಲ, ಗಾಡಿ ಅಲ್ಲೇ ತಿರುಗಬೇಕು. ನಾನು ಅವಳ ಕೈ ಹಿಡಿದು ಬೀದಿಯ ನಡುವೆ ಇದ್ದೆ. ಆಗ ವ್ಯಾನು ಹೊರಟಿತು. ನಾನು ತಟ್ಟಿರಲಿಲ್ಲ. ಮಣ್ಣು ಹಾರಿಸಿಕೊಂಡು, ಹಿಂಭಾಗ ಜಾರಿಸಿಕೊಂಡು, ಅರ್ಧ ಸುತ್ತು ಬಂದು ನಿಂತಿತು. ಹುಡುಗಿಯ ಬ್ಯಾಗಿಗೂ ವ್ಯಾನಿನ ಮೂತಿಗೂ ನಡುವೆ ಒಂದು ಗೇಣು. ತೆರೆದ ಕಿಟಕಿಯಿಂದ ಕೇಳಿಸಿತು, ಟಿಂಗ್.

ಅವರು ನಗುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು.

"ಆಂಟಿ, ನೀವು ತಟ್ಟೇ ಇಲ್ವಲ್ಲ," ಅಂದಳು ಹುಡುಗಿ. ಅವಳನ್ನು ಗೇಟಿನೊಳಗೆ ಅವಳಮ್ಮನ ಕೈಗೆ ಒಪ್ಪಿಸಿ ಬಂದೆ. ಅವರು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದರು.

"ನಾವು ಕಾಣಿಸ್ಲಿಲ್ವಾ ನಿಮಗೆ?"

"ಕಾಣಿಸಿದ್ರಿ. ಇಬ್ರೂ ಕಾಣಿಸಿದ್ರಿ." ಸ್ಟೇರಿಂಗಿನಿಂದ ಕೈ ತೆಗೆದರು. "ನೀವು ಅಂತ ಕಾಣಿಸ್ಲಿಲ್ಲ ಕಣೆ. ಎಷ್ಟು ಹತ್ರ ಹೋಗ್ಬಹುದು ಅನ್ನೋದಷ್ಟೇ ಕಾಣಿಸ್ತು."

ಒಳಗೆ ಇನ್ನೂ ಮೂರು ಮಕ್ಕಳಿದ್ದರು. ಯಾರೂ ಚಪ್ಪಾಳೆ ಹೊಡೆದಿರಲಿಲ್ಲ.

"ಕೈ ನನ್ನ ಮಾತು ಕೇಳ್ತಿಲ್ಲ," ಅಂದರು. "ನೀನೇ ಹೇಳು. ನೀನು ತಟ್ಟಿದ್ರೆ ಹೊರಡ್ತೀನಿ."

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಂಗೈಯನ್ನು ವ್ಯಾನಿಗೆ ಆನಿಸಿದೆ. ತಗಡು ಬಿಸಿಲಿಗೆ ಸುಡುತ್ತಿತ್ತು. ಕಿಟಕಿಯಲ್ಲಿ ಮೂರು ತಲೆ. ಇನ್ನು ಎರಡೇ ಬೀದಿ. ಮೆಲ್ಲಗೆ ಹೋಗುತ್ತಾರೆ, ಇವತ್ತಂತೂ ಮೆಲ್ಲಗೇ ಹೋಗುತ್ತಾರೆ, ನನ್ನ ಗಂಡ ಅಲ್ಲವೇ. ಒಂದು ಸಲ ತಟ್ಟಿದೆ. ಅವರು ಗೇರಿನ ಮೇಲೆ ಕೈಯಿಟ್ಟು ಕಾದರು.

ಎರಡನೆಯ ಸಲಕ್ಕೆ ನನ್ನ ಕೈ ಏಳಲಿಲ್ಲ.

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಎಂಜಿನ್ ಆರಿಸಿ, ಇಳಿದು ಬಂದು, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ಇಳೀರಪ್ಪ, ಇವತ್ತು ನಡ್ಕೊಂಡು ಹೋಗೋಣ," ಅಂತ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿ ನನ್ನ ಕಡೆ ಕಳಿಸಿದರು. ಒಬ್ಬರ ಕೈಯನ್ನೂ ತಾವು ಹಿಡಿಯಲಿಲ್ಲ. ನಾನು ಮಕ್ಕಳನ್ನು ಕಟ್ಟಿಕೊಂಡು ಮುಂದೆ ನಡೆದೆ, ಅವರು ಹತ್ತು ಹೆಜ್ಜೆ ಬಿಟ್ಟು ಹಿಂದೆ ಬಂದರು.