ಸೇಮಿಗೆ ಮಣೆಯ ಮೂರನೇ ಕಾಲು

ನಮ್ಮ ಮನೆಯಲ್ಲಿ ಜಗಳ ಶುರುವಾಗಲು ಸೇಮಿಗೆ ಸಾಕಿತ್ತು. ಈ ಅಕ್ಕಿ ಶ್ಯಾವಿಗೆ ಒಬ್ಬರಿಂದ ಆಗುವ ತಿಂಡಿಯಲ್ಲ. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಕಾಯಿಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ತನಕ ಹೆಂಗಸು ಒಬ್ಬಳೇ ಸಾಯಬಹುದು. ಆಮೇಲೆ ಆ ಉಂಡೆಯನ್ನು ಮಣೆಯ ಹಿತ್ತಾಳೆ ಕೊಳವೆಗೆ ಹಾಕಿ ಒಬ್ಬರು ಮೇಲಿನ ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಇಳಿಯುವ ಎಳೆಗಳನ್ನು ತಟ್ಟೆಯಲ್ಲಿ ಸುತ್ತಿಸಿ ಹಿಡಿಯಬೇಕು. ಅದೂ ಬಿಸಿಬಿಸಿ ಇರುವಾಗಲೇ. ಉಂಡೆ ಆರಿತೋ, ಕತೆ ಮುಗಿಯಿತು. ಆನೆ ಬಂದರೂ ಹಿಡಿಕೆ ಅಲುಗುವುದಿಲ್ಲ.

ಆ ಮಣೆ ಅತ್ತೆಯದು. ಅವರಿಗೆ ಅವರ ಅತ್ತೆ ಕೊಟ್ಟದ್ದು. ಮೂರು ಕಾಲಿನ ಮರದ ನಿಲುವು, ನಡುವೆ ಹಿತ್ತಾಳೆ ಕೊಳವೆ, ಕಬ್ಬಿಣದ ತಿರುಪು. ನಾನು ಗಂಡನ ಜೊತೆ ದೋಹಾಕ್ಕೆ ಹೊರಟಾಗ ಅವರು ಅದನ್ನು ನನ್ನ ಮುಂದೆ ತಂದಿಟ್ಟರು. ಅವರ ಮಗಳು, ಅಂದರೆ ನನ್ನ ನಾದಿನಿ, ಅಲ್ಲೇ ಮುಖ ಊದಿಸಿದಳು. "ಹಳೇ ಕಾಲದ್ದು ಅಮ್ಮ, ಚೆಂದ ಪಾಲಿಶ್ ಮಾಡಿ ಹಾಲ್‌ನಲ್ಲಿ ಇಡ್ತಿದ್ದೆ. ಇವಳು ಅಲ್ಲಿ ಮರುಭೂಮಿಯಲ್ಲಿ ಅದನ್ನು ಹಾಳು ಮಾಡ್ತಾಳೆ ನೋಡು!" ಅತ್ತೆ ಮಣೆಯನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇದರ ಮೇಲೆ ಒಂದು ಗೀರು ಬಿದ್ದರೂ ನಾನು ಸೋತ ಹಾಗೆ ಎಂದು ಅಂದೇ ನಿಶ್ಚಯಿಸಿಕೊಂಡೆ.

ದೋಹಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಸೀರೆಗಳ ನಡುವಿಂದ ಹಿತ್ತಾಳೆ ಕೊಳವೆಯನ್ನು ಹೊರಗೆಳೆದು ದಿಟ್ಟಿಸಿದ. ಗಂಡ ಅರಬ್ಬಿ ಗೊತ್ತಿಲ್ಲದೆ, ಗಾಳಿಯಲ್ಲಿ ಹಿಡಿಕೆ ತಿರುಗಿಸಿ, ಬಾಯಿಗೆ ಕೈ ಒಯ್ದು ಚಪ್ಪರಿಸಿ ತೋರಿಸಿದರು. ಅವನು ನಕ್ಕು "ಯಲ್ಲಾ, ಯಲ್ಲಾ" ಎಂದು ಬಿಟ್ಟ.

ದೋಹಾದ ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಗಂಡನಿಗೆ ರಜೆಯ ಶುಕ್ರವಾರ ಬಂದರೆ ಸೊಂಟ ನೋವು ಶುರುವಾಗುತ್ತಿತ್ತು. ವೆಸ್ಟ್ ಬೇಯಲ್ಲಿ ದಿನಕ್ಕೊಂದು ಕ್ರೇನ್ ಏಳುತ್ತಿದ್ದ ಕಾಲ. ವಾರವಿಡೀ ಅಲ್ಲಿನ ಆಫೀಸಿನಲ್ಲಿ ಕೂತೇ ಇರುವ ಮನುಷ್ಯನಿಗೆ ಸೇಮಿಗೆಯ ದಿನವೇ ಅದು ಹೇಗೆ ಹಿಡಿಯುತ್ತದೋ! ನನ್ನನ್ನು ಉಳಿಸಿದವಳು ಎದುರು ಮನೆಯ ಬ್ಯಾರಿ ಹೆಂಗಸು. ಉಳ್ಳಾಲದ ಕಡೆಯವಳು, ನನಗಿಂತ ಚಿಕ್ಕವಳು, ತೋಳಿನಲ್ಲಿ ಒಳ್ಳೆಯ ಕಸುವು. ಅವಳು ತಿರುಗಿಸುವುದು, ನಾನು ಹಿಡಿಯುವುದು. ಅರ್ಧ ಅವಳ ಮನೆಯ ಕೋಳಿ ಸಾರಿಗೆ, ಅರ್ಧ ನಮ್ಮ ಮನೆಯ ಬೆಲ್ಲದ ಕಾಯಿಹಾಲಿಗೆ.

ಒಂದು ಶುಕ್ರವಾರ ಉಂಡೆ ಬೆಂದಾಗಲೂ ಅವಳು ಬರಲಿಲ್ಲ. ಅವಳ ಮನೆಗೆ ಯಾರೋ ನೆಂಟರು ಬಂದಿದ್ದರು. ಆಗಲೇ ಊರಿನಿಂದ ಅತ್ತೆಯ ಫೋನು. ವೀಸಾ ಬಂತು, ಮುಂದಿನ ವಾರ ಹೊರಡುತ್ತೇನೆ ಅಂತ. ತಾಯಿ ಮಗನ ಮಾತು ಹಲಸಿನಕಾಯಿ ಹಪ್ಪಳಕ್ಕೆ ಹೋಗಿ, ಪಕ್ಕದ ಮನೆಯ ಬಾವಿಗೆ ಇಳಿದು, ಮೇಲೆ ಬರುವಷ್ಟರಲ್ಲಿ ಉಂಡೆಗಳು ತಣ್ಣಗೆ ಕಲ್ಲಾಗಿದ್ದವು. ಫೋನಿಟ್ಟ ಗಂಡನಿಗೆ ಎಲ್ಲಿಲ್ಲದ ಉತ್ಸಾಹ.

"ಗಂಡಸು ಒಬ್ಬ ಮನೆಯಲ್ಲಿ ಇರುವಾಗ ನೀನು ಎಂತಕ್ಕೆ ಬೇರೆಯವರನ್ನು ಕಾಯೋದು? ಕೊಡು ಇಲ್ಲಿ."

"ಆರಿದೆ ಮಾರಾಯ್ರೆ, ಇನ್ನೊಮ್ಮೆ ಹಬೆಗೆ ಇಡ್ತೇನೆ, ಸ್ವಲ್ಪ ನಿಲ್ಲಿ."

ಕೇಳಿದರೆ ತಾನೆ! ಹಿಡಿಕೆಗೆ ಜೋತುಬಿದ್ದು ಮೈಯ ಭಾರವನ್ನೆಲ್ಲ ಹಾಕಿದರು. ಟಪ್ ಅಂತ ಸದ್ದು. ಮಣೆಯ ಒಂದು ಕಾಲು ಮುರಿದು ಫ್ರಿಜ್ಜಿನ ಅಡಿಗೆ ಹೋಯಿತು.

ನನಗೆ ಅಳು ಬಂತು, ನಿಜವಾಗಿಯೂ ಬಂತು. ನಾದಿನಿಯ ಮುಖ ಕಣ್ಣ ಮುಂದೆ. "ಇನ್ನು ನಿಮ್ಮ ಅಮ್ಮನಿಗೆ ನೀವೇ ಹೇಳಿ" ಎಂದೆ. ಗಂಡ ತಕ್ಷಣ ಸೊಂಟ ಹಿಡಿದುಕೊಂಡರು.

ಎದುರು ಮನೆಯವಳ ಗಂಡ ಮದೀನತ್ ಖಲೀಫಾ ಬಡಾವಣೆಯ ವಿಲ್ಲಾಗಳಲ್ಲಿ ಮರದ ಕೆಲಸ ಮಾಡುತ್ತಿದ್ದರು. ಅವಳು ಮುರಿದ ಕಾಲನ್ನು ಒಯ್ದು ಅವರ ಕೈಗಿಟ್ಟಳು. ಯಾವುದೋ ವಿಲ್ಲಾದಲ್ಲಿ ಕಿತ್ತುಹಾಕಿದ ಹಳೆಯ ಬಾಗಿಲಿನ ತುಂಡಿನಿಂದ ಅವರು ಹೊಸ ಕಾಲು ಮಾಡಿಕೊಟ್ಟರು. ಗಟ್ಟಿಯೇನೋ ಗಟ್ಟಿ, ಬಣ್ಣ ಮಾತ್ರ ಕೆಂಪು ಕೆಂಪು. ನಾವಿಬ್ಬರೂ ಕೂತು ಅದಕ್ಕೆ ಚಹಾ ಕಷಾಯ ಸವರಿದೆವು, ತೆಂಗಿನೆಣ್ಣೆಯಲ್ಲಿ ಮಸಿ ಕಲಸಿ ತಿಕ್ಕಿದೆವು. "ಅಕ್ಕಾ, ಇನ್ನು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ" ಎಂದಳು ಅವಳು. ದೂರದಿಂದ ನೋಡಿದರೆ ಅವಳ ಮಾತು ಸರಿಯೇ.

ಅತ್ತೆ ಬಂದರು. ಮೊದಲ ಶುಕ್ರವಾರವೇ ಸೇಮಿಗೆ ಆಗಬೇಕೆಂದರು. ತಿರುಗಿಸಲು ಎದುರು ಮನೆಯವಳೂ ಬಂದಿದ್ದಳು. ನಾನು ಹೊಸ ಕಾಲನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೆ. ಅವರು ಕೂತವರೇ ಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಎಣ್ಣೆ ಹಚ್ಚುತ್ತಾ ಬಂದು, ಆ ಕಾಲಿನ ಮೇಲೆ ಕೈ ನಿಲ್ಲಿಸಿದರು. ಬೆರಳು ಕಪ್ಪಾಯಿತು.

"ಇದು ಯಾವ ಮರ?"

ಗಂಡ ಪೇಪರಿನ ಹಿಂದೆ ಮಾಯ. ಎದುರು ಮನೆಯವಳೇ ಬಾಯಿಬಿಟ್ಟಳು. "ನಮ್ಮವರು ಮಾಡಿಕೊಟ್ಟದ್ದು ಅಮ್ಮ. ಹಳೇದು ಮುರೀತು."

ಅತ್ತೆ ಹೊಟ್ಟೆ ಹಿಡಿದು ನಗತೊಡಗಿದರು. "ಈ ಕಾಲು ನೋಡು, ಇದು ಹಲಸು. ನಾನು ಮದುವೆಯಾಗಿ ಬಂದ ವರ್ಷ ನಿನ್ನ ಮಾವ ಮುರಿದದ್ದು. ಇದು ಮಾವು. ಅದಕ್ಕೂ ಹಿಂದೆ ಅವರ ಅಪ್ಪ ಮುರಿದದ್ದಂತೆ. ಎಲ್ಲರೂ ಆರಿದ ಉಂಡೆ ಹಾಕಿ ಶಕ್ತಿ ತೋರಿಸಿದವರೇ. ಮೊದಲಿನ ಕಾಲು ಅಂತ ಒಂದೇ ಉಳಿದಿತ್ತು. ಅದನ್ನು ನನ್ನ ಮಗ ಪೂರೈಸಿದ!"

ಪೇಪರು ಅಲುಗಲಿಲ್ಲ.

ಅಷ್ಟರಲ್ಲಿ ನಾದಿನಿಯ ಫೋನು. ಅಮ್ಮ ಕ್ಷೇಮವಾ ಎಂದು ಕೇಳಿದವಳೇ ಮಣೆಯ ಬಗ್ಗೆ ಕೇಳಿದಳೆಂದು ಕಾಣುತ್ತದೆ. ಅತ್ತೆ ನನ್ನನ್ನೇ ನೋಡುತ್ತಾ ಅಂದರು, "ಹೌದು, ಒಂದು ಕಾಲು ಮುರಿದಿದೆ. ಇಲ್ಲ, ವಾಪಸ್ ತರುದಿಲ್ಲ. ನಿನ್ನ ಹಾಲ್‌ನಲ್ಲಿದ್ರೆ ಅದು ಯಾವತ್ತೂ ಮುರೀತಿರಲಿಲ್ಲ, ನನಗೆ ಗೊತ್ತುಂಟು. ಅದಕ್ಕೇ ಇವಳಿಗೆ ಕೊಟ್ಟದ್ದು."

ಫೋನಿಟ್ಟು ಅವರು ಎದುರು ಮನೆಯವಳನ್ನು ಹಿಡಿಕೆಯ ಹತ್ತಿರ ಕರೆದರು. ನಾನು ಆ ಮೂರು ಕಾಲುಗಳನ್ನೇ ನೋಡುತ್ತಾ ನಿಂತಿದ್ದೆ. "ಎಂತ ನೋಡ್ತಾ ನಿಂತಿದ್ದಿ? ತಟ್ಟೆ ಹಿಡಿ, ಉಂಡೆ ಆರ್ತದೆ" ಎಂದು ಗದರಿದರು.