ಸಮುದ್ರದ ಪಕ್ಕ ಒಂದು ನೀರಿನ ಟಾಕಿ

ಅಕ್ಕ ತೀರಿಕೊಂಡ ಮೂರನೇ ತಿಂಗಳಿಗೆ ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಸಭೆ ಸೇರಿತು. ಸಭೆ ಎಂದರೆ ಅಣ್ಣ ಮಾತಾಡುವುದು, ನಾನು ಕೇಳುವುದು. ವಿಷಯ, ಅಕ್ಕನ ಮನೆ. ಆ ಮನೆ ಇರುವುದು ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಘಟ್ಟ ಇಳಿದು, ಕುಮಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಹಿತ್ತಲ ಬಾಗಿಲು ತೆಗೆದರೆ ನಾಲ್ಕು ತೆಂಗಿನ ಮರ, ಅದರಾಚೆ ಸಮುದ್ರ.

ನೇಕಾರರ ಮನೆಯ ಹೆಣ್ಣುಮಗಳು ಅಲ್ಲಿಗೆ ಹೋದದ್ದು ಕನ್ನಡ ಶಾಲೆಯ ಶಿಕ್ಷಕಿಯಾಗಿ. ಎರಡು ವರ್ಷಕ್ಕೆ ವರ್ಗ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವಳು ನಿವೃತ್ತಿಯಾದ ಮೇಲೂ ಬರಲಿಲ್ಲ. ಬಾಡಿಗೆಗಿದ್ದ ಹಂಚಿನ ಮನೆಯನ್ನೇ ಕೊಂಡುಕೊಂಡಳು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮ ಬಳಗದಲ್ಲಿ ಬೇಕಾದಷ್ಟು ಕಾರಣಗಳಿದ್ದವು. ಅವಳನ್ನು ಒಂದು ಮಾತೂ ಕೇಳದೆ ಎಲ್ಲರೂ ತಾವೇ ಕಂಡುಹಿಡಿದ ಕಾರಣಗಳು.

"ಮಾರಿಬಿಡೂಣು ತಂಗಿ. ಅಷ್ಟ್ ದೂರ ಹೋಗಿ ಯಾರ್ ನೋಡ್ಕೊಂತ ಕುಂಡ್ರವ್ರು?" ಎಂದ ಅಣ್ಣ.

"ಬ್ಯಾಡಣ್ಣ."

"ಯಾಕ ಬ್ಯಾಡ?"

ನನ್ನ ಹತ್ತಿರ ಕಾರಣ ಇರಲಿಲ್ಲ. ಅಳು ಇತ್ತು. ಅದು ಕಾರಣದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅಣ್ಣನ ಮತ. ಕೊನೆಗೆ ಅವನೇ ದೊಡ್ಡ ಮನಸ್ಸು ಮಾಡಿದ. "ಹಿಂಗ ಮಾಡೂಣು. ರಿಪೇರಿ ಮಾಡಿಸಿ ಬಾಡಿಗಿಗೆ ಕೊಡೂಣು. ಮಳಿಗಾಲ ಹತ್ತೂದ್ರಾಗ ಜನಾ ಬಂದ್ರ ಮನಿ ಇರ್ಲಿ. ಬರ್ಲಿಲ್ಲಂದ್ರ ಮಾರೂದ. ಆತಿಲ್ಲ?"

"ಆತು" ಎಂದೆ. ಅಕ್ಕನದು ಎಂದು ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ ಮನೆ. ಅದನ್ನು ಉಳಿಸಿಕೊಳ್ಳುವ ದಾರಿಯೂ ಅದೊಂದೇ.

ಅಕ್ಕ ದೀಪಾವಳಿಗೆ ಬಂದವಳು ಜ್ವರ ಬಂದು ಮಲಗಿದಳು. ಗದಗಿನ ದವಾಖಾನೆಯಲ್ಲಿ ಒಂಬತ್ತು ದಿನ ಇದ್ದಳು. ನನ್ನ ಕೈ ಹಿಡಿದು ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಎಂಟ್ ದಿನಕ್ಕ ಬರ್ತೀನಂತ ಬಂದೀನಿ. ಮನ್ಯಾಗ ನೀರ್ ತುಂಬಿಟ್ಟು ಬಂದೀನವ್ವ, ಹಳಸ್ತಾವು." ಸಾಯುವವರು ದೇವರನ್ನು ನೆನೆಯುತ್ತಾರೆ ಎಂದು ಕೇಳಿದ್ದೆ. ಬೆಟಗೇರಿಯವರು ನೀರನ್ನು ನೆನೆಯುತ್ತಾರೆ.

ಯಾಕೆ ಎಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಓಣಿಯಲ್ಲಿ ನಳ ಬರುವುದು ಹುಣ್ಣಿಮೆ ಅಮಾವಾಸ್ಯೆ ಬಂದಹಾಗೆ. ಹುಣ್ಣಿಮೆ ಅಮಾವಾಸ್ಯೆಗಳಾದರೂ ಹೇಳಿದ ದಿನ ಬರುತ್ತವೆ. ನಳ ಬಂದಿತೆಂದರೆ ಮಗ್ಗ ನಿಲ್ಲುತ್ತದೆ, ಒಲೆ ನಿಲ್ಲುತ್ತದೆ, ಜಗಳಗಳೂ ಅರ್ಧಕ್ಕೆ ನಿಲ್ಲುತ್ತವೆ. ಹಂಡೆ, ಕೊಡ, ಬಕೆಟ್ಟು, ಪಾತೇಲಿ, ಕೊನೆಗೆ ಮಕ್ಕಳ ಕುಡಿಯುವ ಬಾಟಲಿ, ತೂತಿಲ್ಲದ್ದೆಲ್ಲ ತುಂಬಬೇಕು.

ಸಂಕ್ರಾಂತಿ ಮುಗಿದ ಮೇಲೆ ಅಣ್ಣನೂ ನಾನೂ ಹೋಗಿ ಅಕ್ಕನ ಮನೆಯ ಬೀಗ ತೆಗೆದೆವು. ಪಡಸಾಲೆಯಲ್ಲಿ ಎರಡು ಹಂಡೆ. ಬಚ್ಚಲಲ್ಲಿ ನಾಲ್ಕು ಬಕೆಟ್ಟು. ಅಡುಗೆಮನೆಯಲ್ಲಿ ಸಾಲಾಗಿ ಕೊಡಗಳು, ಒಂದೊಂದರ ಮೇಲೆ ಒಂದೊಂದು ತಾಟು. ಎಲ್ಲದರಲ್ಲೂ ನೀರು. ಬಾಗಿಲಿನಿಂದ ಹತ್ತು ಹೆಜ್ಜೆಗೆ ಬಾವಿ, ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನೀರು. ಹಿಂದೊಮ್ಮೆ ನಾನು ಬಂದಾಗ ನಕ್ಕು ಕೇಳಿದ್ದೆ, ಬಾವಿ ಬಾಗಿಲಿಗೇ ಇದೆಯಲ್ಲ, ಯಾಕೆ ತುಂಬುತ್ತೀ ಎಂದು. "ಬಾವಿ ಏನ್ ಬರದು ಕೊಟ್ಟೈತೇನ?" ಎಂದಿದ್ದಳು.

ಮನೆ ರಿಪೇರಿಗೆ ಸಿಕ್ಕ ಮೇಸ್ತ್ರಿ ಅದೇ ಊರಿನವರು, ಚಿಕ್ಕಂದಿನಲ್ಲಿ ಅಕ್ಕನ ಹತ್ತಿರ ಓದಿದವರು. ಅವರು ಹಂಡೆಯೊಳಗೆ ಇಣುಕಿ, "ಅಲ್ರಾ, ಸೊಳ್ಳೆ ಮರಿ ಆಗೋಗಿದೆ. ಚೆಲ್ಲಿ, ಚೆಲ್ಲಿ" ಎಂದರು. ನೀರನ್ನು ಸುಮ್ಮನೆ ಚೆಲ್ಲುವುದು ನನ್ನ ಕೈಯಿಂದ ಆಗದ ಕೆಲಸ. ಒಂದೊಂದಾಗಿ ಹೊತ್ತು ತೆಂಗಿನ ಬುಡಕ್ಕೆ ಹಾಕಿದೆ. ಒಂದು ತಾಮ್ರದ ಕೊಡ ಮಾತ್ರ ಬಿಟ್ಟೆ. ಅದು ಅವ್ವ ಅಕ್ಕನಿಗೆ ಕೊಟ್ಟಿದ್ದು. ಅದರ ತಾಟು ತೆಗೆದು ನೋಡಿದೆ, ಮತ್ತೆ ಮುಚ್ಚಿದೆ. ಅಕ್ಕ ತನ್ನ ಕೈಯಿಂದ ಸೇದಿದ ನೀರು ಇನ್ನು ಅಷ್ಟೇ ಇರುವುದು ಎಂದು ಅನ್ನಿಸಿತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೂ ಅಲ್ಲ.

ಅಲ್ಲಿಂದ ಅಣ್ಣನ ಕಾರುಬಾರು ಶುರುವಾಯಿತು. ಅಣ್ಣ ಗದಗಿನ ಹತ್ತಿ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದವನು. ಹತ್ತಿ ಹಿಸುಕಿ ನೋಡಿ ಯಾವ ಊರಿನದೆಂದು ಹೇಳುತ್ತಾನೆ. ಮನೆಯೂ ಹತ್ತಿಯ ಹಾಗೆಯೇ ಎಂದು ಅವನ ನಂಬಿಕೆ. ಗೋಡೆ ಬಡಿದ, ತೊಲೆ ಬಡಿದ, ಹಂಚು ಎಣಿಸಿದ. ಎಲ್ಲ ನೋಡಿದ ಮೇಲೆ ಮೊದಲು ಆಗಬೇಕಾದ ಕೆಲಸ ಯಾವುದೆಂದು ತೀರ್ಪು ಕೊಟ್ಟ. "ನೆಲದಾಗ ಒಂದ್ ದೊಡ್ಡ ನೀರಿನ ಟಾಕಿ ಕಟ್ಟಬೇಕು. ಟಾಕಿ ಇಲ್ಲದ ಮನಿಗೆ ಯಾವ ಶ್ಯಾಣ್ಯಾ ಬಾಡಿಗಿಗೆ ಬರ್ತಾನ?"

ಮೇಸ್ತ್ರಿ ಬಾವಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ನಾನೂ ತಲೆ ಆಡಿಸಿದೆ. ಈಗ ಅಣ್ಣನನ್ನು ನೋಡಿ ನಗುವುದು ಸುಲಭ. ಆ ದಿನ ನನಗೂ ಅದು ಬುದ್ಧಿವಂತರ ಮಾತಾಗಿಯೇ ಕೇಳಿತ್ತು. ಸೋರುವ ಮಾಡು ಹಾಗೇ ಇತ್ತು, ಬಿರುಕು ಬಿಟ್ಟ ಗೋಡೆ ಹಾಗೇ ಇತ್ತು, ನಾವು ಹಿತ್ತಲಲ್ಲಿ, ಸಮುದ್ರದ ಕಡೆಗೆ, ಟಾಕಿಗೆ ಗುದ್ದಲಿ ಹಾಕಿಸಿದೆವು.

ಸೊಂಟದ ಮಟ್ಟ ಅಗೆದಾಗ ಅಣ್ಣ ಹೊಂಡಕ್ಕೆ ಇಳಿದು ನಿಂತು, "ನಮ್ಮ ಮಗ್ಗದ ಕುಣಿಗಿಂತ ಸ್ವಲ್ಪ ಆಳ ಆಗೈತಿ. ಇನ್ನೊಂದ್ ಆಳುದ್ದ ಹೋಗ್ಲಿ" ಎಂದ. ಇನ್ನೊಂದು ಆಳುದ್ದ ಹೋಗಲು ಹೊಂಡ ಒಪ್ಪಲಿಲ್ಲ. ಎರಡನೇ ದಿನ ಕೆಳಗಿನಿಂದ ನೀರು ಜಿನುಗಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹೊಂಡದ ಅರ್ಧಕ್ಕೆ ನಿಂತಿತ್ತು. ಅಣ್ಣ ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಮುಖ ನೋಡಿಯೇ ನನಗೆ ತಿಳಿಯಿತು, ಉಪ್ಪು.

"ನೀರು ತುಂಬಲಿಕ್ಕೆ ಟಾಕಿ ಬೇಕು ಅಂದ್ರಿ" ಎಂದರು ಮೇಸ್ತ್ರಿ, ನಗು ತಡೆದುಕೊಂಡು. "ನೋಡಿ, ಕಟ್ಟುವ ಮೊದಲೇ ತುಂಬ್ತು. ಬಾಡಿಗೆಯವರಿಗೆ ಅಡುಗೆಗೆ ಉಪ್ಪೂ ಹಾಕೂದು ಬೇಡ."

ಅಣ್ಣ ಬೆರಳು ಒರೆಸಿಕೊಂಡು ಎದ್ದ. ಹೊಂಡ ಮುಚ್ಚಿಸಿದ. ಮುಚ್ಚಿದ ಜಾಗದ ಮೇಲೆ ಕಲ್ಲಿನ ಕಂಬ ನಿಲ್ಲಿಸಿ, ಇಡೀ ಓಣಿಗೆ ಸಾಲುವಷ್ಟು ದೊಡ್ಡ ಕರಿ ಪ್ಲಾಸ್ಟಿಕ್ ಟಾಕಿ ಏರಿಸಿದ. ಅದನ್ನು ನೋಡಿ ಇಲ್ಲಿ ಹೋಟೆಲ್ಲು ಬರುತ್ತದೆ ಎಂದು ಊರಲ್ಲಿ ಸುದ್ದಿಯಾಯಿತು.

ಆಮೇಲೆ ಕಿಟಕಿ. ನಡುಮನೆಗೆ ಪಡುವಣ ದಿಕ್ಕಿಗೆ ಒಂದು ದೊಡ್ಡ ಕಿಟಕಿ ಇತ್ತು. ಅಕ್ಕ ಸಂಜೆ ಅಲ್ಲಿ ಕುಳಿತು ಪೇಪರು ತಿದ್ದುತ್ತಿದ್ದಳಂತೆ. ನಮ್ಮ ಕಡೆ ಪಡುವಣ ಕಿಟಕಿ ಎಂದರೆ ಬಿಸಿಲು ಮತ್ತು ಧೂಳು. ಅತ್ತಲಿಂದ ಗಾಳಿ ಎದ್ದಿತೆಂದರೆ ಅನ್ನದಲ್ಲೂ ಮಣ್ಣು. ಅಣ್ಣ ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ನಾನು ಮೇಸ್ತ್ರಿಗೆ ಹೇಳಿ ಆ ಕಿಟಕಿಗೆ ಇಟ್ಟಿಗೆ ಕಟ್ಟಿಸಿಬಿಟ್ಟಿದ್ದೆ. ಇದು ಅಣ್ಣನ ತಲೆಯಲ್ಲ, ನನ್ನದು. ಅಣ್ಣ ಬಂದು ನೋಡಿ, "ಶಾಣೆ ಆಗೀಯವ್ವ" ಎಂದು ಬೆನ್ನು ತಟ್ಟಿದ. ಹೀಗೆ ನಾವಿಬ್ಬರೂ ಸೇರಿ, ಸಮುದ್ರದ ಪಕ್ಕದ ಮನೆಯಿಂದ ಸಮುದ್ರವನ್ನು ಯಶಸ್ವಿಯಾಗಿ ಹೊರಗೆ ಹಾಕಿದೆವು.

ಇಷ್ಟೆಲ್ಲ ಆಗುವಾಗ ತಾಮ್ರದ ಕೊಡ ಮನೆಯೊಳಗೇ ವರ್ಗವಾಗುತ್ತಿತ್ತು. ಅಡುಗೆಮನೆಗೆ ಗಾರೆ ಹಾಕುವಾಗ ಪಡಸಾಲೆಗೆ, ಪಡಸಾಲೆಗೆ ಫರಸಿ ಹಾಸುವಾಗ ನಡುಮನೆಗೆ, ಸುಣ್ಣ ಬಳಿಯುವಾಗ ಮತ್ತೆ ಅಡುಗೆಮನೆಗೆ. ಹನಿ ಚೆಲ್ಲದಂತೆ ನಾನೇ ಎತ್ತಿ ಇಡುತ್ತಿದ್ದೆ. ಮೇಸ್ತ್ರಿ ಒಂದು ದಿನ ಕೇಳಿಯೇ ಬಿಟ್ಟರು, "ಎಂತ ಅಮ್ಮಾ ಅದರಲ್ಲಿ? ಬಂಗಾರವಾ?"

"ನೀರ್ರಿ."

"ನಮ್ಮ ಅಕ್ಕೋರು ತುಂಬಿದ್ದಾ?"

ಹೂಂ ಎಂದೆ. ಆ ಊರಿನಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆಮೇಲೆ ಆಳುಗಳಿಗೆ ಮೇಸ್ತ್ರಿಯೇ ಗದರುತ್ತಿದ್ದರು, ಕೊಡದ ಹತ್ತಿರ ಜಾಗ್ರತೆ ಎಂದು.

ಮೇ ತಿಂಗಳಿಗೆ ಕೆಲಸ ಮುಗಿಯಿತು. ಫೋಟೊ ಹೊಡೆದು ಮೊಬೈಲಿನಲ್ಲಿ ಹಾಕಿದೆವು. ಬಂದವರು ಬಂದರು, ನೋಡಿದವರು ನೋಡಿದರು. ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದ ಒಬ್ಬರು ಹೋಮ್‌ಸ್ಟೇ ಮಾಡಲು ಹುಡುಕುತ್ತಿದ್ದರು. ಇಡೀ ಮನೆ ಸುತ್ತಿ ನಡುಮನೆಯಲ್ಲಿ ನಿಂತು, "ಸಮುದ್ರ ಎಲ್ಲಿಂದ ಕಾಣ್ತದ್ರಿ?" ಎಂದು ಕೇಳಿದರು. ಅಣ್ಣ ಇಟ್ಟಿಗೆಯ ಗೋಡೆಯನ್ನು ಹೆಮ್ಮೆಯಿಂದ ತೋರಿಸಿ, "ಇದರ ಹಿಂದ ಐತ್ರಿ. ಗಾಳಿ, ಬಿಸಲು ಏನೂ ಒಳಗ ಬರಂಗಿಲ್ಲ" ಎಂದ. ಅವರು ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಾರು ಹತ್ತಿದರು.

ಆಮೇಲೆ ಯಾರೂ ಬರಲಿಲ್ಲ. ಪಡುವಣದಲ್ಲಿ ಮೋಡ ಕಾಣಿಸತೊಡಗಿತು. ಅಣ್ಣ ಫೋನಿನಲ್ಲಿ ಯಾರ ಜೊತೆಗೋ ಮನೆ ಮಾರುವ ಮಾತಾಡುವುದು ನನಗೆ ಕೇಳಿಸಿತು. ಷರತ್ತು ನಾನೇ ಒಪ್ಪಿದ್ದು, ಜಗಳಾಡಲು ಬಾಯಿ ಇರಲಿಲ್ಲ. ಕಿಟಕಿ ಮುಚ್ಚಿಸಿದವಳೂ ನಾನೇ. ಅಕ್ಕನ ಮನೆಯನ್ನು ಕಳೆಯುವ ಕೆಲಸದಲ್ಲಿ ಅಣ್ಣನಿಗಿಂತ ನನ್ನ ಪಾಲು ಕಡಿಮೆ ಏನಿರಲಿಲ್ಲ.

ಶಾಲೆ ಶುರುವಾಗುವ ವಾರ ಮೇಸ್ತ್ರಿ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದರು. ಅಕ್ಕ ಕಲಿಸಿದ ಶಾಲೆಗೇ ಹೊಸದಾಗಿ ಬಂದ ಶಿಕ್ಷಕಿ. ಎರಡು ಚೀಲ, ಒಂದು ಹಾಸಿಗೆ ಸುರುಳಿ. ಒಳಗೆ ಕಾಲಿಡುವ ಮೊದಲೇ ಕೇಳಿದರು, "ಅಕ್ಕಾರ, ನೀರು ಎಷ್ಟ್ ದಿನಕ್ಕೊಮ್ಮೆ ಬರ್ತಾವ್ರಿ ಇಲ್ಲಿ?"

ಅಣ್ಣ ಕುರ್ಚಿಯಿಂದ ಎದ್ದೇ ನಿಂತ. "ನಿಮ್ದು ಯಾವೂರ್ರಿ?"

"ಮುಂಡರಗಿ ಬಾಜೂಕ್ರಿ."

ನಮ್ಮ ಕಡೆಯವರೇ. ಅಣ್ಣ ಅವರನ್ನು ಸೀದಾ ಟಾಕಿಯ ಕೆಳಗೆ ಕರೆದುಕೊಂಡು ಹೋದ. ಅವರು ಕತ್ತೆತ್ತಿ ನೋಡಿ, "ಅಬ್ಬಾ, ಎಷ್ಟ್ ದೊಡ್ಡದೈತ್ರಿ!" ಎಂದರು. ಅಣ್ಣನಿಗೆ ಆ ದಿನ ಊಟ ಬೇಕಾಗಲಿಲ್ಲ. ನಡುಮನೆಗೆ ಬಂದು ಮುಚ್ಚಿದ ಗೋಡೆ ಮುಟ್ಟಿ ನೋಡಿ, "ಪಡುವಲ ಬಿಸಲು ಬರಂಗಿಲ್ಲ, ಛಲೋ ಆತು" ಎಂದರು. ಮೇಸ್ತ್ರಿ ಹಣೆ ಚಚ್ಚಿಕೊಂಡು ಹೊರಗೆ ಹೋದರು. ಮನೆ ಆ ಕ್ಷಣಕ್ಕೇ ಬಾಡಿಗೆಗೆ ಹೋಯಿತು.

ಕೀಲಿ ಕೈಗೆ ಬಂದದ್ದೇ ತಡ, ಆ ಶಿಕ್ಷಕಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಅವರು ತಾಮ್ರದ ಕೊಡದ ತಾಟು ಎತ್ತಿ ಮೂಸಿದರು. "ಅಯ್ಯ, ಎಷ್ಟ್ ದಿನದ ನೀರ್ರಿ ಅಕ್ಕಾರ ಇವು! ಹುಳಾ ಬೀಳ್ತಾವಲ್ಲರಿ!" ಎನ್ನುತ್ತಲೇ ಕೊಡ ಎತ್ತಿ ಹಿತ್ತಲಿಗೆ ನಡೆದರು. ಬೇಡ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಮಾತು ಹೊರಡುವುದರೊಳಗೆ ನೀರು ತೆಂಗಿನ ಬುಡದಲ್ಲಿ ಇಂಗಿತ್ತು. ಏಳು ತಿಂಗಳು ಉಳಿದ ನೀರು ಒಂದು ಉಸಿರು ಎಳೆಯುವುದರಲ್ಲಿ ಮುಗಿಯಿತು.

ಬಾವಿ ಕಟ್ಟೆಯ ಮೇಲೆ ಕೈ ಇಟ್ಟು ನಿಂತೆ. ಅವರು ಚೀಲದಿಂದ ಹುಣಸೆಹಣ್ಣು ತೆಗೆದು, ಕುಕ್ಕರಗಾಲಿನಲ್ಲಿ ಕುಳಿತು, ಕೊಡವನ್ನು ಒಳಗೂ ಹೊರಗೂ ಗಸಗಸ ತಿಕ್ಕಿದರು. ಅಕ್ಕನೂ ಬೆಟಗೇರಿಯಲ್ಲಿ ನಳ ಬಂದ ದಿನ ಹೀಗೆಯೇ ತಿಕ್ಕುತ್ತಿದ್ದಳು, ಹಳೆಯ ನೀರಿನ ಮೇಲೆ ಹೊಸ ನೀರು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಅದು ನನಗೆ ಆಗ ನೆನಪಾಯಿತು. ನಾಲ್ಕು ತಿಂಗಳು ಆ ಕೊಡ ಹೊತ್ತು ತಿರುಗಿದ ಶಾಣೆಗೆ.

ಬಾವಿಯಿಂದ ನೀರು ಸೇದಿ, ಕೊಡ ಕಂಠಮಟ್ಟ ತುಂಬಿಸಿ, ಒಳಗೆ ತಂದಿಟ್ಟು, ಅದೇ ತಾಟು ಮುಚ್ಚಿದರು. ಆಮೇಲೆ ಬಕೆಟ್ಟುಗಳನ್ನು ಹುಡುಕತೊಡಗಿದರು.

"ಬಾವಿ ಇಲ್ಲೇ ಬಾಗಲಿಗೇ ಐತಲ್ಲರಿ ಟೀಚರ್ರ" ಎಂದೆ. ಯಾಕೆ ಹೇಳಿದೆನೋ.

"ಐತಿ ಖರೆರಿ. ಆದ್ರೂ ಮನ್ಯಾಗ ತುಂಬಿದ್ದಿರಬೇಕರಿ."

ಹೊರಗೆ ಅಣ್ಣ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, "ಇಲ್ಲರಿ, ಮಾರಂಗಿಲ್ಲ. ನಾ ಹೇಳಿದ್ನಿಲ್ಲ, ಟಾಕಿ ಇದ್ರ ಜನಾ ಬರ್ತಾರಂತ?" ಬೇಕಾದ್ದು ಹೇಳಲಿ ಎಂದು ನಾನು ಬಕೆಟ್ಟು ಎತ್ತಿ ಕೊಟ್ಟೆ.

ಶಿಕ್ಷಕಿ ಚಾಪೆ ಹಾಸಿ, "ಕುಂಡ್ರಿ ಅಕ್ಕಾರ" ಎಂದರು. ಅಕ್ಕನ ಮನೆಯಲ್ಲಿ ನನಗೆ ಕುಳಿತುಕೊಳ್ಳಲು ಹೇಳಿದ ಮೊದಲ ಹೊರಗಿನವರು. ಆಮೇಲೆ ಒಂದು ತುಂಡು ಬೆಲ್ಲ ಕೈಗಿಟ್ಟು, ಕೊಡದಿಂದ ಒಂದು ಚರಗಿ ನೀರು ತಂದುಕೊಟ್ಟರು. ನೀರಿನಲ್ಲಿ ಸ್ವಲ್ಪ ಹುಣಸೆಹಣ್ಣಿನ ವಾಸನೆ ಇತ್ತು. ಕುಡಿದೆ.